ಹೀರಾಬಾಯಿ ತುಂಬಿದ ಉಡಿ

ಶಾಂಭವಿಗೆ ಬೇಕಾಗಿದ್ದದ್ದು ಒಂದೇ ಮಾತು. ಹೂಂ ಅಥವಾ ಬ್ಯಾಡ. ಅದಕ್ಕಾಗಿ ಅವಳು ಮುಂಗಾರಿನಿಂದ ಹೀರಾಬಾಯಿಯ ಹೊಲಕ್ಕೆ ಎಡತಾಕುತ್ತಿದ್ದಳು. ಪ್ರತಿ ಸಲವೂ ಹೀರಾಬಾಯಿ, "ನೋಡೋಣಂತ ಬೇ, ಮೊದಲ ಚಾ ಕುಡಿ" ಎಂದು ಒಲೆ ಹೊತ್ತಿಸುತ್ತಿದ್ದಳು.

ಜೇವರ್ಗಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ಕರಿ ಮಣ್ಣು ಮುಗಿದು ಕಲ್ಲು ಏಳುವ ಕಡೆ, ಒಂದು ಕಂಪನಿ ಲಿಥಿಯಂ ಹುಡುಕುತ್ತಿತ್ತು. ಬ್ಯಾಟರಿಗೆ ಬೇಕಾಗುವ ಖನಿಜ. ಅದನ್ನು ಕೊಳ್ಳುವ ಪರದೇಶದವರದು ಒಂದು ಷರತ್ತು: ಹೊಗೆಯಿಲ್ಲದ ಗಾಡಿಯೊಳಗೆ ಯಾರ ಕಣ್ಣೀರೂ ಇರಬಾರದು, ಭೂಮಿಯವರು ಒಪ್ಪದೆ ಒಂದು ತೂತನ್ನೂ ಕೊರೆಯಬಾರದು. ಒಪ್ಪಿಗೆ ಕೇಳುವುದಕ್ಕೆ ಇಲ್ಲಿಯ ಭಾಷೆ ಬಲ್ಲ ಹೆಣ್ಣುಮಗಳು ಬೇಕೆಂದು ಶಾಂಭವಿಯನ್ನು ಇಟ್ಟುಕೊಂಡಿದ್ದರು. ಅವಳು ಗೊಬ್ಬೂರಿನವಳು. ಕಲಬುರಗಿಯಲ್ಲಿ ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ತರಬೇತಿಯಲ್ಲಿ ಹೇಳಿಕೊಟ್ಟ ನಿಯಮಗಳನ್ನು ಉಳಿದವರು ಕೇಳಿ ಮರೆತರೆ ಅವಳು ಬಾಯಿಪಾಠ ಮಾಡಿದ್ದಳು. ಒಪ್ಪಿಗೆ ಒತ್ತಾಯವಿಲ್ಲದೆ ಬರಬೇಕು. ಎಲ್ಲವನ್ನೂ ತಿಳಿದ ಮೇಲೆ ಬರಬೇಕು. ಬ್ಯಾಡ ಎಂದರೆ ಯಾಕೆಂದು ಕೇಳಬಾರದು, ಕೇಳಿದರೆ ಅದೇ ಒತ್ತಾಯವಾಗುತ್ತದೆ. ಇದನ್ನೆಲ್ಲ ಅವಳು ನಿಜವಾಗಿಯೂ ನಂಬಿದ್ದಳು. ನಂಬಿದ್ದು ದಡ್ಡತನವೇ ಎಂದು ಆಗಾಗ ಅನುಮಾನವೂ ಬರುತ್ತಿತ್ತು.

ಊರಿನ ಉಳಿದ ಹೊಲದವರು ಒಪ್ಪಿದ್ದರು. ಪಕ್ಕದ ಹೊಲದ ದೌಲತರಾಯ, ಹೀರಾಬಾಯಿಯ ಗಂಡನ ಅಣ್ಣ, ಎಲ್ಲರಿಗಿಂತ ಮೊದಲೇ ಒಪ್ಪಿದ್ದ. ಆದರೆ ಲಿಥಿಯಂ ಇರುವ ಕಲ್ಲಿನ ಎಳೆ ಹಾದು ಹೋಗಿದ್ದು ಹೀರಾಬಾಯಿಯ ಹೊಲದಲ್ಲಿ, ಅವಳ ಬಾವಿಯ ಮಗ್ಗುಲಲ್ಲಿ. ಅಲ್ಲಿ ಕೊರೆಯದಿದ್ದರೆ ಉಳಿದದ್ದು ವ್ಯರ್ಥ ಎಂದು ಭೂವಿಜ್ಞಾನಿಗಳು ಹೇಳಿದ್ದರು. ಆ ಹೊಲ ಗಂಡ ಸತ್ತ ಮೇಲೆ ಅವಳ ಹೆಸರಿಗೇ ಬಂದಿತ್ತು. ಬಿತ್ತುವುದು, ಕಳೆ ತೆಗೆಯುವುದು, ರಾಶಿ ಮಾಡಿಸುವುದು ಎಲ್ಲ ಅವಳದೇ. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಹಣೆಯ ಮೇಲೆ ವಿಭೂತಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ತೊಗರಿ ಮೊಣಕಾಲೆತ್ತರ ಬೆಳೆದಿದ್ದ ಒಂದು ಮಧ್ಯಾಹ್ನ ಶಾಂಭವಿ ಎಂದಿನಂತೆ ಹೊಲದ ಕೊಠಡಿಯಲ್ಲಿ ಚಹಾ ಕುಡಿದು, ಎಂದಿನಂತೆ ಉತ್ತರ ಸಿಗದೆ ಎದ್ದಳು. ಜೀಪಿನ ಡ್ರೈವರ್ ಫಯಾಜ ಬಾಗಿಲ ಹೊರಗೆ ಕಾಯುತ್ತಿದ್ದ.

"ಜರಾ ನಿಲ್ಲು ಬೇ" ಎಂದು ಹೀರಾಬಾಯಿ ಮೂಲೆಯ ಟ್ರಂಕು ತೆರೆದಳು. ಮಡಿಕೆ ಬಿಚ್ಚದ ಒಂದು ರವಿಕೆ ಖಣ, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅರಿಷಿಣ ಕೊಂಬು ತಟ್ಟೆಯಲ್ಲಿ ಕೂಡಿಸಿದಳು. ತಟ್ಟೆ ಹಿಡಿದುಕೊಂಡು ಎದುರು ನಿಂತವಳು ಮುಂದೆ ಬರಲಿಲ್ಲ.

"ನನ್ನ ಕೈಲೆ ಉಡಿ ತುಂಬಿಸ್ಕೋತಿಯೇನು? ಗಂಡ ಸತ್ತಾಕಿ ನಾನು. ಬ್ಯಾಡಾಗಿದ್ರ ಬ್ಯಾಡನ್ನು. ನಾ ಏನೂ ತಿಳ್ಕೊಳ್ಳಂಗಿಲ್ಲ."

ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಆದರೆ ತುಂಬುವ ಕೈ ಮುತ್ತೈದೆಯದೇ ಆಗಬೇಕು ಎನ್ನುವುದು ಊರಿನ ಲೆಕ್ಕ. ಬಸವಣ್ಣನ ಪಟ ತೂಗುಹಾಕಿದ ಮನೆಗಳಲ್ಲೂ ಆ ಲೆಕ್ಕ ಅಳಿಸಿರಲಿಲ್ಲ. ಶಾಂಭವಿಯದೂ ಅಂಥದೇ ಸ್ಥಿತಿ. ಅವಳು ಗಂಡನನ್ನು ಬಿಟ್ಟು ಬಂದವಳು. ಗೊಬ್ಬೂರಿಗೆ ಹೋಗಿ ತಿರುಗಿ ಹೊರಟಾಗ ಅಣ್ಣನ ಹೆಂಡತಿ ವೃಂದಾ ಉಡಿ ತುಂಬುವ ಹೊತ್ತಿಗೇ ಒಲೆಯ ಮೇಲಿನ ಹಾಲಿನ ಕಡೆ ಓಡುತ್ತಿದ್ದಳು. ಒಂದು ಸಲವಲ್ಲ, ಪ್ರತಿ ಸಲ.

ಶಾಂಭವಿ ಸೆರಗು ಒಡ್ಡಿದಳು. ಹೀರಾಬಾಯಿ ಬೊಗಸೆಯಲ್ಲಿ ಅಕ್ಕಿ ತುಂಬಿದಳು. ಕೆಲವು ಕಾಳು ಸೆರಗಿನ ಅಂಚು ದಾಟಿ ನೆಲಕ್ಕೆ ಬಿದ್ದವು. ಕೊಠಡಿಯಲ್ಲಿ ಕುಂಕುಮ ಇರಲಿಲ್ಲವಾದ್ದರಿಂದ ಹಣೆಗೆ ವಿಭೂತಿ ಹಚ್ಚಿದಳು.

ಬಾಗಿಲಲ್ಲಿ ಫಯಾಜನ ಫೋನು ಕ್ಲಿಕ್ಕೆಂದಿತು.

"ಛೊಲೊ ಬಂತ್ರಿ ಮೇಡಂ ಫೋಟೋ" ಎಂದ ಅವನು ಜೀಪಿನಲ್ಲಿ. "ಆಫೀಸಿನ ಗ್ರೂಪಿಗೆ ಹಾಕೇನಿ. ನಂದಕಿಶೋರ ಸಾಹೇಬ್ರು ಆಗಲೇ ಹೆಬ್ಬೆಟ್ಟು ಒತ್ತ್ಯಾರ. ನಮಗೂ ಒಂದೀಟು ಕಾಯಿ ಕೊಡ್ರಿ, ಡ್ರೈವರ್‌ಗೂ ಉಡಿ ಐತಿ."

ಮರುದಿನ ಜೇವರ್ಗಿಯ ಆಫೀಸಿನಲ್ಲಿ ಮ್ಯಾನೇಜರ್ ನಂದಕಿಶೋರ ಆ ಫೋಟೋವನ್ನು ದೊಡ್ಡದು ಮಾಡಿ ಗೋಡೆಯ ಮೇಲೆ ಹಾಕಿದ. ಅವನು ಕೆಟ್ಟವನಲ್ಲ. ಸಿಬ್ಬಂದಿಗೆ ಹುಷಾರಿಲ್ಲದಿದ್ದರೆ ತಾನೇ ಗಾಡಿ ತೆಗೆದು ದವಾಖಾನೆಗೆ ಬಿಡುವವನು. ಅವತ್ತು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಇದೇ ನೋಡ್ರಿ, ವರದಿಯ ಮೊದಲ ಪುಟಕ್ಕ. ಸಂಪ್ರದಾಯದ ಪ್ರಕಾರ ಒಪ್ಪಿಗೆ. ಹೊರದೇಶದವರು ಸಹಿಗಿಂತ ಇದನ್ನ ನಂಬ್ತಾರ. ಗುರುವಾರ ಮಿಷನ್ ಕಳಸೋಣ."

"ಸರ್, ಅದು ಹೂಂ ಅಂದಂಗ ಅಲ್ರಿ" ಎಂದಳು ಶಾಂಭವಿ. ಧ್ವನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ಬ್ಯಾಡ ಅಂದ್ರಾ?"

"ಬ್ಯಾಡಾನೂ ಅಂದಿಲ್ರಿ."

"ಮತ್ತ? ಬ್ಯಾಡ ಅನ್ನೋರು ಯಾರಾದ್ರೂ ಉಡಿ ತುಂಬಿ ಕಳಸ್ತಾರೇನು?"

ಬಾಡಿಗೆ ಕರಾರಿಗೆಂದು ಬಂದು ಅಲ್ಲೇ ಚಹಾ ಕುಡಿಯುತ್ತಿದ್ದ ದೌಲತರಾಯ ನಕ್ಕ. "ನಮ್ಮ ತಮ್ಮನ ಹೇಣ್ತಿ ಖರೇನ ಒಪ್ಪ್ಯಾಳ್ರಿ ಸಾಹೇಬ್ರ. ಆಕಿ ಕೈಲೆ ಉಡಿ ತುಂಬಿಸ್ಕೊಂಡ್ರ ಶುಭಾನೋ ಅಶುಭಾನೋ, ಅದು ಈ ಮೇಡಂ ನೋಡ್ಕೊಳ್ಳಿ. ಕಂಪನಿಗೆ ಎರಡೂ ಬರೋಬರಿ."

ಎಲ್ಲರೂ ನಕ್ಕರು. ಶಾಂಭವಿ ಲೋಟ ಎತ್ತಿಡುವ ನೆಪದಲ್ಲಿ ಎದ್ದಳು.

ಸಂಜೆ ಬಾಡಿಗೆ ಕೋಣೆಯಲ್ಲಿ ಅವಳು ತನ್ನನ್ನೇ ವಿಚಾರಣೆ ಮಾಡಿಕೊಂಡಳು. ಎಲ್ಲರೂ ಹೂಂ ಎಂದು ತಿಳಿದದ್ದನ್ನು ತಾನೊಬ್ಬಳೇ ಹೂಂ ಅಲ್ಲ ಎನ್ನುವುದು ಹಟವೋ ಏನೋ. ಹೀರಾಬಾಯಿಗೆ ಮನಸ್ಸಿದ್ದೂ ಹೇಳಲು ಸಂಕೋಚವಿರಬಹುದು. ಬ್ಯಾಡ ಎಂದರೆ ಇಲ್ಲಿಯ ಕ್ಯಾಂಪು ಮುಚ್ಚುತ್ತದೆ, ತನ್ನ ನೌಕರಿಯೂ ಹೋದಂತೆಯೇ. ಇದನ್ನೆಲ್ಲ ಅವಳು ಪ್ರಾಮಾಣಿಕವಾಗಿ ತೂಗಿದಳು. ಆದರೆ ತೂಗದೆ ಪಕ್ಕಕ್ಕಿಟ್ಟ ಒಂದು ವಿಷಯ ಇತ್ತು, ಅದು ಮಾತ್ರ ಸರಿಯುತ್ತಿರಲಿಲ್ಲ. ಇಷ್ಟು ಸಲ ಹೋಗಿಯೂ ತಾನು ನೆಟ್ಟಗೆ ಒಮ್ಮೆಯೂ ಕೇಳಿರಲಿಲ್ಲ. ಮಿಷನ್ನಿನ ಆಳ, ಸದ್ದು, ತಿಂಗಳುಗಳ ಲೆಕ್ಕ ಎಲ್ಲ ವಿವರಿಸಿದ್ದಳು. ಕೊನೆಗೆ "ಏನಂತೀರಿ?" ಎಂದು ಮೆಲ್ಲಗೆ ಕೇಳಿ, ಚಹಾ ಬಂದ ಕೂಡಲೇ ಆ ಮಾತು ಬಿಟ್ಟುಬಿಡುತ್ತಿದ್ದಳು. ಜೇವರ್ಗಿಯಲ್ಲಿ ಅವಳನ್ನು ಕುಳಿತುಕೋ ಎನ್ನುವ ಇನ್ನೊಂದು ಮನೆ ಇರಲಿಲ್ಲ.

ಬುಧವಾರ ಆಫೀಸಿಗೆ ಹೇಳದೆ ಬಸ್ಸು ಹಿಡಿದಳು. ಜೀಪಿಲ್ಲದೆ ಬಂದದ್ದು ಅದೇ ಮೊದಲು. ಹೀರಾಬಾಯಿ ತೊಗರಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕುರ್ಪಿಯಿಂದ ಕಳೆ ತೆಗೆಯುತ್ತಿದ್ದಳು. ತಲೆ ಎತ್ತಿ, "ಗಾಡಿ ಎಲ್ಲೈತಿ? ಕೆಲಸದಿಂದ ತೆಗದ್ರೇನು?" ಎಂದು ನಕ್ಕಳು. "ಬಾ, ಚಾ ಇಡ್ತೇನಿ."

"ಚಾ ಆಮ್ಯಾಲ ಅಕ್ಕ. ಮೊದಲ ಕೇಳ್ತೇನಿ. ಬಾವಿ ಹತ್ರ ಮಿಷನ್ ಹಚ್ಚಾಕ ನೀವು ಒಪ್ಪೀರೋ ಇಲ್ಲೋ?"

ಹೀರಾಬಾಯಿ ಕುರ್ಪಿಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದಳು. "ಇವತ್ತ ಏನಾತು ನಿನಗ?"

ಶಾಂಭವಿ ಫೋನು ತೆಗೆದು ಫೋಟೋ ತೋರಿಸಿದಳು. ಹೀರಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು, ಬಿಸಿಲು ಬೀಳದಂತೆ ಇನ್ನೊಂದು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಮೊದಲು ಬಂದದ್ದು ಖುಷಿಯೇ.

"ಛೊಲೊ ತಗದಾನ. ನನ್ನ ಪಟ ಯಾರೂ ತಗದಿದ್ದಿಲ್ಲ."

"ಇದನ್ನ ನೋಡಿ ನೀವು ಹೂಂ ಅಂದೀರಿ ಅಂತ ಬರದಾರ. ನಾಳೆ ಮಿಷನ್ ಬರ್ತೈತಿ."

"ಇದಕ್ಕ?"

"ಹೌದ್ರಿ."

"ನೀ ಏನಂದಿ?"

"ಅದು ಹೂಂ ಅಲ್ಲ ಅಂದೆ. ಜೋರಾಗಿ ಅನ್ನಲಿಲ್ಲ. ನಕ್ಕರು, ಸುಮ್ಮನಾದೆ."

ಹೀರಾಬಾಯಿ ಫೋನು ತಿರುಗಿ ಕೊಟ್ಟಳು. ಬೈಯುತ್ತಾಳೆಂದು ಶಾಂಭವಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಬ್ಯಾಡ" ಎಂದಳು ಹೀರಾಬಾಯಿ. "ಹಂಗಂತ ಹೇಳು ಅವರಿಗೆ. ನನ್ನ ಹೊಲದಾಗ ಬ್ಯಾಡ."

"ಆತ್ರಿ."

ಹೀರಾಬಾಯಿ ಕುರ್ಪಿಗೆ ಕೈ ಹಾಕಿ ಮತ್ತೆ ಬಿಟ್ಟಳು.

"ಯಾಕಂತ ಕೇಳಂಗಿಲ್ಲೇನು?"

"ಕೇಳಬಾರದು ಅಂತ ನಿಯಮ ಐತಿ ಅಕ್ಕ."

"ಅದ್ಯಾವ ನಿಯಮ? ಕೇಳಿದ್ರ ಹೇಳ್ತಿದ್ದೆ."

ಶಾಂಭವಿ ಸಾಲಿನ ನಡುವೆ ಅವಳ ಎದುರಿಗೆ ಕುಳಿತಳು. ನಿಯಮ ಕಂಪನಿಗೆ, ತನಗಲ್ಲ ಎಂದು ಹೇಳಿಕೊಂಡಳು. ಹಾಗೆ ಬೇರೆ ಮಾಡಬಹುದೇ ಎಂಬುದು ಖಾತ್ರಿಯಿರಲಿಲ್ಲ. ಆದರೂ ಕೇಳಿದಳು. "ಯಾಕ್ರಿ ಅಕ್ಕ?"

"ಬಾವಿ ನೀರು ಕೆಡ್ತೈತಿ ಅಂತ ಹೇಳಬಹುದು. ನೀರಿನ ಮಾತು ನೀನೇ ಹೇಳೀದಿ, ನೂರಕ್ಕ ನೂರು ಹೆದರಿಕಿ ಇಲ್ಲಂತ. ನನಗ ಅದಲ್ಲ." ಹೀರಾಬಾಯಿ ಊರಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಲ್ಲಿ ಮುಂಜಾನೆ ನಾ ಮನಿ ಮುಂದಿನ ಕಟ್ಟಿ ಮ್ಯಾಲ ಬಂದ್ರ ದೌಲತರಾಯ ಭಾವ ಗಾಡಿ ಹತ್ತಿದಾಂವ ಇಳೀತಾನ, ನೀರು ಕುಡದು ಮತ್ತ ಹತ್ತತಾನ. ಎದುರಿಗೆ ಬಂದೆ ಅಂತ. ಅದಕ್ಕ ನಾ ಹೊತ್ತು ಹುಟ್ಟೂದಕ್ಕಿಂತ ಮೊದಲ ಇಲ್ಲಿಗೆ ಬರ್ತೇನಿ. ಇಲ್ಲಿ ನಾ ಯಾರಿಗೂ ಎದುರು ಬರಂಗಿಲ್ಲ. ಹಾಡಬೇಕಂದ್ರ ಹಾಡ್ತೇನಿ. ನಾಕು ಗಂಡಸರು ತಿಂಗಳಾನುಗಟ್ಟಲೆ ಇಲ್ಲಿ ಮಿಷನ್ ಹಚ್ಚಿ ಕುಂತ್ರು ಅಂದ್ರ, ನಾ ಮತ್ತ ಎಲ್ಲಿಗೆ ಹೋಗ್ಲಿ?"

"ಇದನ್ನ ಮೊದಲನ ಹೇಳಬೇಕಿತ್ತು."

"ಹೇಳಿದ್ರ ನಿನ್ನ ಕೆಲಸ ಅವತ್ತೇ ಮುಗೀತಿತ್ತು. ಹೂಂ ಅಂದ್ರೂ ಮುಗೀತಿತ್ತು." ಹೀರಾಬಾಯಿ ಒಂದು ಹುಲ್ಲಿನ ಗಡ್ಡೆಯಿಂದ ಮಣ್ಣು ಉದುರಿಸುತ್ತಾ ಹೇಳಿದಳು. "ನಿನಗ ತಿಳೀಲಿಲ್ಲೇನು? ಇಲ್ಲಿ ಸಕ್ಕರಿ ನಿನಗಂತನ ತಂದಿಡ್ತಿದ್ದೆ. ನನಗ ಚಾಕ್ಕ ಬೆಲ್ಲನ ಆಗ್ತೈತಿ."

ಶಾಂಭವಿ ಅಲ್ಲೇ ಕುಳಿತು ನಂದಕಿಶೋರನಿಗೆ ಫೋನು ಹಚ್ಚಿದಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ನೆನಪಾಗಲಿಲ್ಲ.

"ಸರ್, ಹೀರಾಬಾಯಿಯವರು ಬ್ಯಾಡ ಅಂದಾರ್ರಿ. ನೆಟ್ಟಗ ಕೇಳಿದೆ, ನೆಟ್ಟಗ ಹೇಳಿದ್ರು. ಆ ಫೋಟೋ ವರದಿಯಿಂದ ತಗೀರಿ. ಅದು ಅವರ ಮನಿ ವಿಷಯ. ತಗೀದಿದ್ರ ನಾನೇ ಹೊರದೇಶದ ಕೊಳ್ಳೋರಿಗೆ ಬರದು ತಿಳಿಸ್ಬೇಕಾಗ್ತೈತಿ."

ನಂದಕಿಶೋರ ಸಿಟ್ಟಾಗಲಿಲ್ಲ. "ಸರಿ" ಎಂದ. "ನಿಯಮ ಅಂದ್ರ ನಿಯಮ. ಫೋಟೋ ತಗೀತೀನಿ, ಮಿಷನ್ ನಿಲ್ಲಸ್ತೀನಿ. ಆದ್ರ ಶಾಂಭವಿಯವ್ರ, ಆ ಹೊಲ ಇಲ್ಲಾಂದ್ರ ಇಲ್ಲಿ ಕ್ಯಾಂಪು ನಡ್ಯಂಗಿಲ್ಲ. ನಿಮ್ಮ ಕರಾರು ಈ ತಿಂಗಳಿಗೆ ಮುಗೀತದ. ಮುಂದಿಂದು ನನ್ನ ಕೈಯಾಗಿಲ್ಲ."

"ಗೊತ್ತೈತ್ರಿ ಸರ್."

ಗೊತ್ತಿತ್ತು. ಆದರೂ ಫೋನು ಇಟ್ಟ ಮೇಲೆ ಕರಾರಿನಲ್ಲಿ ಉಳಿದ ದಿನಗಳನ್ನು ಎಣಿಸಿದಳು. ತಾನು ಮಾಡಿದ್ದು ಸರಿಯೋ ಎಂದು ಕೇಳಿಕೊಂಡಳು, ಸರಿ ಎಂದೇ ಉತ್ತರ ಬಂತು. ಆ ಉತ್ತರದಿಂದ ಅವಳಿಗೆ ಯಾವ ಸಮಾಧಾನವೂ ಆಗಲಿಲ್ಲ.

ಹೀರಾಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. "ಆ ಪಟ ಅವರ ಕಡಿಂದ ಅಳಿಸಿಸು. ನಿನ್ನ ಫೋನಿನಾಗ ಇರ್ಲಿ" ಎಂದಳು. ಆಮೇಲೆ ಕೇಳಿದಳು. "ಎಲ್ಲಿಗೆ ಹೋಗ್ತಿ ಈಗ? ಗೊಬ್ಬೂರಿಗೆ?"

"ಗೊಬ್ಬೂರಿಗಲ್ಲ. ಕಲಬುರಗ್ಯಾಗ ಏನಾರ ನೋಡ್ಬೇಕು. ಹಳೆ ಅಂಗಡ್ಯಾಗ ತಗೊಂಡ್ರೂ ತಗೋಬಹುದು."

"ಕೆಲಸ ಇಲ್ಲದಾಗ ಈ ಕಡೆ ಬರ್ತಿಯೇನು?"

ಬರ್ತೇನಿ ಅನ್ನುವುದು ಸುಲಭವಾಗಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಬಟ್ಟೆ ಅಂಗಡಿಯಲ್ಲಿ ವಾರದ ರಜೆ ಯಾವಾಗಲೂ ಸಿಗುವುದಿಲ್ಲ, ಕಲಬುರಗಿಯಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಬೇಕು, ಮೊದಲ ಸಲ ಬಂದು ಎರಡನೆಯ ಸಲಕ್ಕೆ ತಡವಾಗಿ ಮೂರನೆಯದು ನಿಂತೇ ಹೋಗುತ್ತದೆ. ಹಾಗೆ ನಿಂತುಹೋದವನ್ನು ಅವಳು ತನ್ನ ಜೀವನದಲ್ಲೇ ಬಲ್ಲಳು. ಅರೆಮನಸ್ಸಿನ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಇಷ್ಟು ದಿನ ಊರೂರು ಹೇಳಿಕೊಂಡು ತಿರುಗಿ, ಈ ಹೆಂಗಸಿಗೆ ಅಂಥದೊಂದನ್ನು ಕೊಟ್ಟು ಹೋಗಲು ಮನಸ್ಸಾಗಲಿಲ್ಲ.

"ಗೊತ್ತಿಲ್ಲ ಅಕ್ಕ" ಎಂದಳು. "ಖರೇನ ಗೊತ್ತಿಲ್ಲ."

ಹೀರಾಬಾಯಿ ತಲೆಯಾಡಿಸಿದಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಕುರ್ಪಿ ಕಿತ್ತುಕೊಂಡು ಮುಂದಿನ ಗಿಡದ ಬುಡಕ್ಕೆ ಸರಿದಳು. ಶಾಂಭವಿ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಬದುವಿನ ಮೇಲೆ ನಡೆದಳು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಹಿಂದಿನಿಂದ ಕುರ್ಪಿಯ ಸದ್ದು ಕೇಳುತ್ತಲೇ ಇತ್ತು, ಡಾಂಬರು ರಸ್ತೆ ಬರುವವರೆಗೂ.