ಏಣಿಯ ಬುಡದಲ್ಲಿ ದೀಪಶ್ರೀ

ಮಕ್ಕಳು ಎಷ್ಟು ಸುಖವಾಗಿದ್ದಾರೆಂದು ಅಳೆಯಲು ಚಿಕ್ಕಮಗಳೂರಿನಿಂದ ಬಂದ ಕವನಾ, ಗೋಣಿಬೀಡಿನ ಹತ್ತಿರದ ಶಾಲೆಯೊಂದರ ಬೋರ್ಡಿನ ಮೇಲೆ ಹತ್ತು ಮೆಟ್ಟಿಲಿನ ಏಣಿ ಬರೆದಳು. ತುದಿಯ ಮೆಟ್ಟಿಲು ಅತ್ಯಂತ ಒಳ್ಳೆಯ ಬದುಕು, ಬುಡದ್ದು ಅತ್ಯಂತ ಕೆಟ್ಟದ್ದು. ತಾವು ಎಲ್ಲಿದ್ದೇವೆ ಅನ್ನಿಸುತ್ತದೋ ಅಲ್ಲಿ ಮಕ್ಕಳು ಹೆಸರು ಬರೆಯಬೇಕು.

ಮೆಕ್ಯಾನಿಕ್ ನಸರುಲ್ಲಾನ ಮಗಳು ಸಿದ್ದೀಕಾ ತುದಿಗೇ ಹೋದಳು. ಹಿಂದಿನ ದಿನ ಅಪ್ಪ ಅವಳನ್ನು ರಿಪೇರಿಗೆ ಬಂದ ಜೀಪಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಸುತ್ತಿಸಿದ್ದ. ಕಾರಣ ಅಷ್ಟೇ. ಆ ಜೀಪಿನ ಒಡೆಯರಾದ ಎಸ್ಟೇಟ್ ಓನರ್ ಮಲ್ಲಿಕಾರ್ಜುನರ ಮಗಳು ದೀಪಶ್ರೀ, ಕುಕ್ಕರುಗಾಲಿನಲ್ಲಿ ಕೂತು, ಬುಡದ ಮೆಟ್ಟಿಲಲ್ಲಿ ತನ್ನ ಹೆಸರು ಬರೆದಳು.

ಸಂಜೆಯೊಳಗೆ ಸುದ್ದಿ ತೋಟ ಮುಟ್ಟಿತು. ಮಗಳು ಫೇಲಾಗಿದ್ದರೆ ಮಲ್ಲಿಕಾರ್ಜುನರಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಫೇಲಾದರೆ ತಪ್ಪು ಮಗಳದು. ಮಗಳು ದುಃಖದಲ್ಲಿದ್ದರೆ ತಪ್ಪು ಅಪ್ಪನದು. ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಮುಖ ತೋರಿಸುವುದು ಹೇಗೆ? ಕವನಾ ಲೆಕ್ಕ ಕಟ್ಟಿಕೊಂಡು ಊರಿಗೆ ಹೊರಡುವ ಮೊದಲೇ ಮಗಳನ್ನು ಮೇಲೆತ್ತಬೇಕೆಂದು ಮರುದಿನ ಬೆಳಿಗ್ಗೆಯೇ ಶಾಲೆಗೆ ಬಂದರು.

"ಏನ್ ಕಮ್ಮಿಯಾಗಿದೆ ದೀಪು ನಿಂಗೆ? ಸೈಕಲ್ ಇಲ್ವಾ? ಕಂಪ್ಯೂಟರ್ ಇಲ್ವಾ?"

"ಎಲ್ಲಾ ಇದೆ ಅಪ್ಪ."

"ಮತ್ತೆ ನಸರುಲ್ಲಾನ ಮಗಳು ಅಷ್ಟ್ ಮೇಲೆ, ನೀನ್ ಇಲ್ಲಿ?"

"ಅವಳು ಹತ್ತಿದ್ಲಲ್ಲ, ಕೆಳಗೆ ಯಾರಾದ್ರೂ ಹಿಡ್ಕೋಬೇಕಲ್ವಾ? ತೋಟದಲ್ಲಿ ಕಾಳುಮೆಣಸು ಕೊಯ್ಯೋವಾಗ ಏಣಿ ಹಿಡೀದಿದ್ರೆ ಬೀಳ್ತಾರೆ ಅಂತ ನೀವೇ ಬೈತೀರಲ್ಲ."

"ಇದು ಆ ಏಣಿ ಅಲ್ಲ ಪುಟ್ಟಿ," ಕವನಾ ನಕ್ಕಳು. "ಇದು ಬದುಕಿನ ಏಣಿ."

"ಅದನ್ನ ಯಾರ್ ಹಿಡ್ಕೋತಾರೆ ಮಿಸ್?"

ಕವನಾಳಿಗೆ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

"ಒಂದ್ ಎಂಟಕ್ಕೆ ಹಾಕ್ಬಿಡಿ ಮೇಡಂ," ಎಂದರು ಹೆಡ್‌ಮಾಸ್ಟರ್ ರುದ್ರಪ್ಪ, ಗ್ರೇಸ್ ಮಾರ್ಕ್ಸ್ ಕೊಡುವ ಧಾಟಿಯಲ್ಲಿ.

"ಮಕ್ಕಳ ಉತ್ತರ ತಿದ್ದೋ ಹಾಗಿಲ್ಲ ಸಾರ್."

"ಉತ್ತರ ತಿದ್ದೋದ್ ಬೇಡ," ಮಲ್ಲಿಕಾರ್ಜುನರಿಗೆ ಹೊಳೆಯಿತು. "ಏಣಿ ತಿದ್ದಿ. ಕೆಳಗಡೆ ಇನ್ನೊಂದ್ ನಾಲ್ಕು ಮೆಟ್ಲು ಎಳೀರಿ."

ಕವನಾ ನೆನಪಿಸಿಕೊಂಡಳು. ಏಣಿ ಉದ್ದ ಮಾಡಬಾರದೆಂದು ಯಾರೂ ಹೇಳಿರಲಿಲ್ಲ. ಅವಳು ಅನುಮಾನಿಸುತ್ತಿರುವಾಗಲೇ ರುದ್ರಪ್ಪ ಚಾಕ್‌ಪೀಸ್ ತೆಗೆದುಕೊಂಡು, ಬಗ್ಗಿ, ಬೋರ್ಡಿನ ಅಂಚಿನವರೆಗೂ ಹೊಸ ಮೆಟ್ಟಿಲು ಎಳೆದರು. ಯಾರ ಬದುಕೂ ಬದಲಾಗದೆ ಇಡೀ ತರಗತಿ ಒಮ್ಮೆಲೇ ಮೊದಲಿಗಿಂತ ಸುಖಿಯಾಯಿತು.

"ನೋಡಿ," ಎಂದರು ಮಲ್ಲಿಕಾರ್ಜುನ ಕೈ ಝಾಡಿಸಿ. "ನಮ್ ಹುಡುಗಿ ಕೆಳಗೆ ಎಷ್ಟೊಂದ್ ಮೆಟ್ಲು ಇದೆ."

ದೀಪಶ್ರೀಯೂ ನೋಡಿದಳು. ಗಾಬರಿಯಿಂದ ಓಡಿಹೋಗಿ ಅಂಗೈಯಲ್ಲಿ ತನ್ನ ಹೆಸರು ಒರೆಸಿದಳು.

"ಎಲ್ಲಿಗೆ?" ಅಪ್ಪ ಗದರಿದರು.

"ಕೆಳಗೆ. ಬುಡ ಅಲ್ಲಿಗ್ ಹೋಯ್ತಲ್ಲ ಅಪ್ಪ."

ಹಿಂದಿನ ಬೆಂಚಿನಿಂದ ಸಿದ್ದೀಕಾ ಕೂಗಿದಳು: "ಬೇಗ ಹಿಡ್ಕೊಳೇ ಮಾರಾಯ್ತಿ, ನಾನಿನ್ನೂ ಮೇಲೇ ಇದೀನಿ!"