ನೋಡ್ಕೊಳ್ಳಿ

ಸ್ಟ್ರೆಚರಿನ ಮುಂದಿನ ಚಕ್ರಗಳು ವ್ಯಾನಿನೊಳಗೆ ಹೋಗಿದ್ದವು, ಹಿಂದಿನವು ಇನ್ನೂ ಗಾಳಿಯಲ್ಲಿದ್ದವು. ಅಷ್ಟರಲ್ಲಿ ಚಿಕ್ಕಪ್ಪ ಫೋನು ಕಿವಿಗೆ ಒತ್ತಿಕೊಂಡೇ ಗೇಟಿನ ಕಡೆಯಿಂದ ಓಡಿಬಂದರು.

"ಇಳ್ಸಿ, ಇಳ್ಸಿ. ಒಳಗೆ ತಗೊಂಡ್ಹೋಗಿ."

"ಏನಾಯ್ತು ಚಿಕ್ಕಪ್ಪ?" ಕಾಲಿನ ಕಡೆ ಹಿಡಿದಿದ್ದ ಮಗಳು ಕೇಳಿದಳು.

"ಮಂತ್ರಿಗಳು ಬರ್ತಿದಾರಂತೆ, ಅಂತಿಮ ದರ್ಶನಕ್ಕೆ. ನಿಮ್ಮ ಇನ್‌ಸ್ಪೆಕ್ಟರೇ ಫೋನ್ ಮಾಡಿದ್ರು. ಹೊರಟಿದಾರಂತೆ."

ತಲೆಯ ಕಡೆ ಹಿಡಿದಿದ್ದ ಮುದುಕನಿಗೆ ಇಡೀ ಇಲಾಖೆಯಲ್ಲಿ ಮೀಸೆ ಎಂದೇ ಹೆಸರು. ತೀರಿಕೊಂಡ ದಫೇದಾರರ ಜೊತೆ ಠಾಣೆಯ ಜೀಪು ಓಡಿಸಿ ನಿವೃತ್ತನಾದವನು. "ವ್ಯಾನಿಗೋ ಮನೆಗೋ ಒಂದು ಹೇಳ್ರಪ್ಪ, ಕೈ ಸೋಲ್ತಿದೆ," ಎಂದ. ಮನೆಗೆ ಎಂದಾಯಿತು. ದಫೇದಾರರು ಮತ್ತೆ ಹಜಾರದ ಮಂಚಕ್ಕೆ ಬಂದರು.

"ಸತ್ತ ಮೇಲೂ ಟ್ರಾನ್ಸ್‌ಫರ್ ತಪ್ಪಲಿಲ್ಲ ನೋಡು ನಿಂಗೆ," ಎಂದು ಮೀಸೆ ಹೆಣದ ಮೇಲಿನ ಬಿಳಿ ಬಟ್ಟೆಯ ಸುಕ್ಕು ಎಳೆದು ಸರಿಮಾಡಿದ.

ಮಗಳು ಕೈಗಡಿಯಾರ ನೋಡಿಕೊಂಡಳು. ಅವಳು ಇದೇ ಊರಿನ ಠಾಣೆಯ ಎಸ್ಸೈ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮಂತ್ರಿಗಳ ಬಾಮೈದನನ್ನು ಬಂಧಿಸಿದ್ದಳು. ಆಸ್ಪತ್ರೆಯ ಗೇಟಿನಲ್ಲಿ ಆಂಬುಲೆನ್ಸಿಗೆ ದಾರಿ ಬಿಡಲೆಂದು ಕಾವಲುಗಾರ ಅವನ ಕಾರನ್ನು ತಡೆದಿದ್ದ. ಅವನು ಕಾರು ನುಗ್ಗಿಸಿದ. ಅಷ್ಟೇ ಆಗಿದ್ದರೆ ಅಪಘಾತ ಎನ್ನಬಹುದಿತ್ತು. ಅವನು ಹಿಂದಕ್ಕೆ ಹೋಗಿ, ನೆಲದಲ್ಲಿ ಬಿದ್ದಿದ್ದವನ ಕಾಲ ಮೇಲೆ ಎರಡನೇ ಸಲ ಹತ್ತಿಸಿದ್ದ. ನೋಡಿದವರು ನಾಲ್ಕೈದು ಜನ. ಹೇಳಿಕೆ ಕೊಟ್ಟವರು ಇಬ್ಬರು: ಆಂಬುಲೆನ್ಸಿನ ಡ್ರೈವರ್ ಮತ್ತು ಒಬ್ಬ ನರ್ಸು.

ಬಂಧಿಸಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರು ಬಡವರನ್ನು ಹಿಡಿದಿಟ್ಟು ಬಡಿಯಬಾರದೆಂದು ಮಾಡಿದ ನಿಯಮ ಅದು. ಇವತ್ತು ಸಂಜೆಯೊಳಗೆ ನಿಲ್ಲಿಸದಿದ್ದರೆ ಅದೇ ನಿಯಮ ಹಿಡಿದುಕೊಂಡು ಅವನ ವಕೀಲರು ಅಕ್ರಮ ಬಂಧನ ಎಂದು ಅವನನ್ನು ಹೊರಗೆ ಕರೆದೊಯ್ಯುತ್ತಾರೆ, ಬಂಧಿಸಿದವಳ ಮೇಲೆ ವಿಚಾರಣೆ ನಡೆಯುತ್ತದೆ. ರಿಮಾಂಡ್ ಅರ್ಜಿಗೆ ಸಹಿ ಹಾಕುತ್ತಿದ್ದಾಗಲೇ ಬೆಳಗಿನ ಜಾವ ಅಮ್ಮನ ಫೋನು ಬಂದಿತ್ತು. "ಹೋಗಿಬನ್ನಿ, ನಾನು ನೋಡ್ಕೋತೀನಿ," ಎಂದಿದ್ದರು ಇನ್‌ಸ್ಪೆಕ್ಟರ್.

ಅಂಗಳದಲ್ಲಿ ಚಿಕ್ಕಪ್ಪ ಬಾಡಿಗೆ ಕುರ್ಚಿಗಳನ್ನು ಹೊಸದಾಗಿ ಜೋಡಿಸುತ್ತಿದ್ದರು. ಕೈಯಿರುವ ಒಂದೇ ಒಂದು ಕುರ್ಚಿ ಹುಡುಕಿ ಮಂಚದ ಪಕ್ಕ ತಂದಿಟ್ಟರು. "ನಮ್ಮಣ್ಣ ಬದುಕಿದ್ದಾಗ ಇನ್‌ಸ್ಪೆಕ್ಟರೂ ಮನೆಗೆ ಬಂದಿರಲಿಲ್ಲ. ಈಗ ನೋಡಿ, ಮಂತ್ರಿ."

"ಮಂತ್ರಿಗೆ ಅಪ್ಪನ ಹೆಸರಾದ್ರೂ ಗೊತ್ತಾ ಚಿಕ್ಕಪ್ಪ?"

"ಬಂದ ಮೇಲೆ ಕೇಳ್ಕೋತಾರೆ ಬಿಡು."

ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಮೇಡಂ, ನಂಗೆ ಇನ್ನೊಂದು ಕಡೆ ಹೇಳಿದಾರೆ. ಎಷ್ಟೊತ್ತಾಗುತ್ತೆ?"

"ಹೊರಟಿದಾರಪ್ಪ," ಎಂದರು ಚಿಕ್ಕಪ್ಪ.

"ಮಂತ್ರಿ ಹೊರಟಿದಾರೆ ಅಂದ್ರೆ ಸ್ನಾನಕ್ಕೆ ನೀರು ಕಾಯ್ತಿದೆ ಅಂತ ಅರ್ಥ," ಮೀಸೆ ಅಂದ. "ಬಂದೇಬಿಟ್ರು ಅಂದ್ರೆ ಸ್ನಾನಕ್ಕೆ ಹೋದ್ರು ಅಂತ. ನಾನು ಬಂದೋಬಸ್ತ್ ಮಾಡಿ ಮಾಡಿ ಮುದುಕನಾದೋನು."

ಯಾರೋ ನಕ್ಕು, ಮಂಚದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಠಾಣೆಯಿಂದ ಬಂದಿದ್ದ ಹೊಸ ಪೇದೆಯೊಬ್ಬ ಮೆಲ್ಲಗೆ ಕೇಳಿದ: "ದಫೇದಾರ್ರಿಗೆ ಉಪಚಾರಿ ಅಂತ ಹೆಸರು ಯಾಕೆ ಬಂತು?"

"ನಿಮಗೆ ಟ್ರೇನಿಂಗಲ್ಲಿ ಹೇಳ್ಲಿಲ್ವಾ?" ಮೀಸೆ ಕುರ್ಚಿ ಎಳೆದುಕೊಂಡ.

*

ಆಗ ಮಗಳಿಗೆ ಇನ್ನೂ ಹಾಲುಹಲ್ಲು. ಗೋಡೆಗಳ ಮೇಲೆ ಬೋರ್ಡು ಬರೆಯುವ ಪೇಂಟರ್ ಒಬ್ಬ ನಗರಸಭೆಯ ಕಾಂಪೌಂಡಿನ ಮೇಲೆ, ತನ್ನ ವೃತ್ತಿಗೆ ತಕ್ಕ ದುಂಡನೆಯ ಅಕ್ಷರಗಳಲ್ಲಿ, ನೀರಿನ ಪೈಪಿನ ದುಡ್ಡು ಎಲ್ಲಿ ಹರಿದುಹೋಯಿತು ಎಂದು ಬರೆದಿದ್ದ. ಆಗಿನ ಶಾಸಕರ ಹುಡುಗರು ಅವನನ್ನು ಬಣ್ಣದ ಡಬ್ಬಿಯ ಸಮೇತ ಎಳೆದು ತಂದು ಠಾಣೆಗೆ ಒಪ್ಪಿಸಿದರು. ಇನ್‌ಸ್ಪೆಕ್ಟರ್ ಊರಲ್ಲಿರಲಿಲ್ಲ. ಮಧ್ಯಾಹ್ನ ಫೋನು ಬಂತು. ಎತ್ತಿದವರು ದಫೇದಾರರು. ಶಾಸಕರೇ ಮಾತಾಡಿದರು. "ಪೇಂಟರ್ ಒಬ್ಬ ಇದಾನಲ್ಲ ನಿಮ್ಮಲ್ಲಿ? ಅವನನ್ನ ಸ್ವಲ್ಪ ಚೆನ್ನಾಗಿ ನೋಡ್ಕೊಳ್ಳಿ."

ಫೋನಿನಲ್ಲಿ ಯಾರೂ ಹೊಡೆಯಿರಿ ಎನ್ನುವುದಿಲ್ಲ. ನೋಡ್ಕೊಳ್ಳಿ ಎನ್ನುತ್ತಾರೆ. ನಾಳೆ ಕೇಳಿದವರಿಗೆ ಆ ಮಾತಿನ ಹಸನಾದ ಅರ್ಥ ತೋರಿಸಬಹುದು. ಕೇಳಿಸಿಕೊಂಡವನಿಗೆ ಇನ್ನೊಂದು ಅರ್ಥ ಗೊತ್ತಿರುತ್ತದೆ, ಲಾಠಿ ಎಲ್ಲಿದೆ ಎಂಬುದೂ ಗೊತ್ತಿರುತ್ತದೆ.

ದಫೇದಾರರು "ಆಗಲಿ ಸಾರ್" ಎಂದು ಫೋನಿಟ್ಟು, ಪೇಂಟರನನ್ನು ಲಾಕಪ್ಪಿನಿಂದ ಕರೆಸಿ, ಬೆಂಚಿನ ಮೇಲೆ ಕೂರಿಸಿ, ಮನೆಯಿಂದ ಊಟ ತರಿಸಿದರು. ಹಾಸಿಕೊಳ್ಳಲು ಕಂಬಳಿ ಕೊಟ್ಟರು. ಶಾಸಕರ ಹುಡುಗರು ಸಂಜೆ ಕೆಲಸ ಆಗಿದೆಯಾ ಎಂದು ನೋಡಲು ಬಂದಾಗ ಪೇಂಟರ್ ಟೀ ಕುಡಿಯುತ್ತಿದ್ದ. "ಸಾಹೇಬ್ರು ಚೆನ್ನಾಗಿ ನೋಡ್ಕೊಳ್ಳಿ ಅಂದ್ರು. ಟೀಗೆ ಸಕ್ಕರೆ ಕಮ್ಮಿಯಾಯ್ತಾ?" ಎಂದು ದಫೇದಾರರು ಕೇಳಿದರಂತೆ. ಮರುದಿನ ಪೇಂಟರನನ್ನು ಕೋರ್ಟಿಗೆ ಒಯ್ದರು. ಮೈಮೇಲೆ ಒಂದು ಗೀರು ಇರಲಿಲ್ಲ. ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸಿದರು. ಅದೇ ವಾರ ದಫೇದಾರರಿಗೆ ಗಡಿಯ ಚೆಕ್‌ಪೋಸ್ಟಿಗೆ ವರ್ಗವಾಯಿತು. ಆಮೇಲೆ ಬಡ್ತಿ ಎನ್ನುವುದು ಅವರ ಹತ್ತಿರ ಸುಳಿಯಲಿಲ್ಲ. ಇಲಾಖೆಗೆ ಮಾತ್ರ ಒಂದು ನಗೆಚಾಟಿಕೆ ಸಿಕ್ಕಿತು: ಮಾತೇ ಅರ್ಥವಾಗದ ದಫೇದಾರ, ಉಪಚಾರಿ.

ಮಗಳು ಈ ಕತೆ ಕೇಳುತ್ತಲೇ ಬೆಳೆದಳು. ಪೊಲೀಸ್ ಕೆಲಸಕ್ಕೆ ಸೇರಿದ ವರ್ಷ ಒಮ್ಮೆ ಕೇಳಿಯೂಬಿಟ್ಟಳು: "ನಿಜವಾಗ್ಲೂ ನಿಮಗೆ ಅರ್ಥ ಆಗ್ಲಿಲ್ವಾ ಅಪ್ಪಾ?" ಬೂಟಿಗೆ ಪಾಲಿಶ್ ಹಾಕುತ್ತಿದ್ದ ಅವರು ತಲೆ ಎತ್ತಲಿಲ್ಲ. "ಜನ ನಗ್ತಾರಲ್ಲ, ನಗ್ಲಿ ಬಿಡು," ಎಂದರು. ತನ್ನಪ್ಪ ಪೆದ್ದ ಇರಬಹುದೇನೋ ಎಂಬ ಅನುಮಾನ, ಅಂದರೆ ಹೇಳಿಕೊಳ್ಳಲಾಗದ ನಾಚಿಕೆ, ಒಳಗೇ ಉಳಿಯಿತು.

*

"ಅವ್ನು ಸರಿಯಾಗಿ ಕೇಳಿಸ್ಕೊಂಡಿದ್ರೆ ಸಬ್ ಇನ್‌ಸ್ಪೆಕ್ಟರಾಗಿ ರಿಟೈರಾಗ್ತಿದ್ದ," ಎಂದು ಮೀಸೆ ಮುಗಿಸಿದ. "ಒಳ್ಳೇ ಮನುಷ್ಯ. ಸ್ವಲ್ಪ ಮಂದ."

"ಮಂದ ಅಲ್ಲ ಸ್ವಾಮಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ತೆಳ್ಳನೆಯ ಮುದುಕ ಎದ್ದು ನಿಂತ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. "ಆ ಪೇಂಟರ್ ನಾನೇ. ಊಟ ಬಡಿಸಿದ್ದು ಅವರೇ. ಕೈ ಎಷ್ಟು ನಡುಗ್ತಿತ್ತು ಅಂದ್ರೆ ಸಾರು ತಟ್ಟೆಗಿಂತ ನನ್ನ ಪಂಚೆ ಮೇಲೇ ಜಾಸ್ತಿ ಬಿತ್ತು. ಕಿವಿ ಹತ್ರ ಬಂದು, ನಿಧಾನ ತಿನ್ನು, ನೀನು ತಿಂತಾ ಇರೋವರ್ಗೂ ಯಾರೂ ಕೈ ಮಾಡಲ್ಲ ಅಂದ್ರು. ನಾನು ಒಂದೊಂದೇ ಅಗುಳು ತಿಂದೆ. ಅಷ್ಟು ದೀರ್ಘ ಊಟ ನಾನು ನನ್ನ ಮದುವೇಲೂ ಮಾಡಿಲ್ಲ."

ಮೀಸೆ ಎದ್ದು ತನ್ನ ಕುರ್ಚಿಯನ್ನು ಅವನ ಕಡೆ ತಳ್ಳಿದ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಮಗಳು ಕೇಳಿದಳು.

"ಹೇಳ್ಬೇಡ ಅಂದಿದ್ರಮ್ಮ. ಪೆದ್ದ ಅಂದ್ರೆ ವರ್ಗ ಮಾಡ್ತಾರೆ, ಬೇಕಂತ್ಲೇ ಮಾಡ್ದ ಅಂದ್ರೆ ಮನೆಗೆ ಕಳಿಸ್ತಾರೆ, ಮಗು ಸಣ್ಣದು ಅಂದ್ರು."

ಅವಳು ಎದ್ದು ಅಡುಗೆಮನೆಗೆ ಹೋಗಿ ಠಾಣೆಗೆ ಫೋನು ಮಾಡಿದಳು. ಎತ್ತಿದ್ದು ಮಹಿಳಾ ಪೇದೆ.

"ಆರೋಪೀನ ಕೋರ್ಟಿಗೆ ಕಳ್ಸಿದ್ರಾ?"

"ಇಲ್ಲ ಮೇಡಂ. ಡಾಕ್ಟರ್ ತಪಾಸಣೆ ಬೆಳಗ್ಗೇನೇ ಆಯ್ತು. ನೀವು ಸಹಿ ಹಾಕಿದ ಅರ್ಜಿ ಟೇಬಲ್ ಮೇಲೇ ಇದೆ. ಸಾಹೇಬ್ರು ನಾನು ನೋಡ್ಕೋತೀನಿ, ಯಾರೂ ಮುಟ್ಬೇಡಿ ಅಂದ್ರು. ಅವ್ನಿಗೆ ಸಾಹೇಬ್ರ ರೂಮಲ್ಲಿ ಫ್ಯಾನ್ ಹಾಕ್ಸಿದಾರೆ. ಮಲಗಿದಾನೆ."

"ಜೀಪು?"

"ಸಾಹೇಬ್ರು ನಿಮ್ಮನೆ ಕಡೆಗೇ ತಗೊಂಡು ಹೋದ್ರಲ್ಲ. ವಕೀಲ್ರು ಆಗ್ಲೇ ಬಂದು ಹೊರಗೆ ಕೂತು ಪದೇ ಪದೇ ಗಡಿಯಾರ ನೋಡ್ತಿದಾರೆ."

ಅವಳು ಫೋನು ಕೆಳಗಿಳಿಸಿದಳು. ಮಂತ್ರಿಗಳು ಹೊರಟಿಲ್ಲ. ಹೊರಡುವುದೂ ಇಲ್ಲ, ಅಥವಾ ಕತ್ತಲಾದ ಮೇಲೆ ಬರುತ್ತಾರೆ. ಅಲ್ಲಿಯವರೆಗೆ ಅಪ್ಪನ ಹೆಣ ಇಲ್ಲಿರಬೇಕು, ಹೆಣ ಇರುವವರೆಗೆ ಅವಳೂ ಇಲ್ಲಿರಬೇಕು. ಅವಳನ್ನು ಕಟ್ಟಿಹಾಕಲು ಅವರಿಗೆ ಹಗ್ಗ ಬೇಕಾಗಿರಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು. ಇನ್‌ಸ್ಪೆಕ್ಟರ್ ಇಳಿದು, ಟೋಪಿ ತೆಗೆದು, ಮಂಚದ ಮುಂದೆ ನಿಂತರು. ಒಂದು ಕ್ಷಣ ಅವರ ಮುಖದಲ್ಲಿ ನಿಜವಾದ ದುಃಖವೇ ಇತ್ತು. ಆಮೇಲೆ ಮಗಳನ್ನು ಜಗಲಿಯ ಮೂಲೆಗೆ ಕರೆದರು.

"ಇನ್ನೇನು ಬಂದ್ಬಿಡ್ತಾರಮ್ಮ. ಸ್ವಲ್ಪ ತಾಳ್ಮೆ."

"ಸಾರ್, ಆರೋಪಿ ಇನ್ನೂ ಠಾಣೇಲೇ ಇದಾನೆ."

"ತಂದೆ ಹೆಣ ಮುಂದಿಟ್ಕೊಂಡು ಇದೆಲ್ಲ ಯಾಕೆ ಯೋಚ್ನೆ ಮಾಡ್ತೀರಿ?"

"ಸಂಜೆ ಒಳಗೆ ನಿಲ್ಲಿಸ್ದೆ ಇದ್ರೆ ಬಿಟ್ಟುಬಿಡ್ಬೇಕಾಗುತ್ತೆ."

"ಬಿಡೋಣ." ಅವರು ದನಿ ತಗ್ಗಿಸಿದರು. "ನಂಗೆ ಬೆಳಗ್ಗೆಯಿಂದ ಎಷ್ಟು ಫೋನ್ ಬಂದಿದೆ ಗೊತ್ತಾ? ನಾನೇನು ಕಲ್ಲಾ? ಆ ಕಾವಲುಗಾರನಿಗೆ ಆಸ್ಪತ್ರೆ ಖರ್ಚೆಲ್ಲ ಅವರೇ ನೋಡ್ಕೋತಾರಂತೆ. ನಿಮ್ಮ ಮುಂದೆ ಇನ್ನೂ ಸರ್ವಿಸ್ ಇದೆ. ಇವತ್ತೊಂದು ದಿನ ಅಳ್ತಾ ಕೂತ್ಬಿಡಿ, ಯಾರೂ ತಪ್ಪು ಅನ್ನಲ್ಲ. ಅಲ್ದೆ ನೀವು ರಜೆ ಮೇಲಿದೀರಿ. ನಿಮಗೆ ಅಧಿಕಾರಾನೂ ಇಲ್ಲ."

"ರಜೆ ಅರ್ಜಿ ಕೊಟ್ಟಿಲ್ಲ ಸಾರ್. ಅಳೋ ಆತುರದಲ್ಲಿ ಮರೆತೆ."

ಇನ್‌ಸ್ಪೆಕ್ಟರರ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವರು ಗೋಡೆಯ ಕಡೆ ತಿರುಗಿ "ಸಾರ್, ಇಲ್ಲೇ ಇದಾರೆ ಸಾರ್, ಎಲ್ಲೂ ಹೋಗಿಲ್ಲ ಸಾರ್," ಎಂದರು.

ಆ ಮಾತು ಹಜಾರಕ್ಕೂ ಕೇಳಿಸಿತು. ಬೆಳಗಿನಿಂದ ಮಂಚದ ಕಾಲಿಗೆ ಒರಗಿ ಕೂತಿದ್ದ ಅಮ್ಮ ತಲೆ ಎತ್ತಿ ಮಗಳನ್ನು ನೋಡಿದರು.

"ಯಾವ ಕೇಸೇ ಅದು? ಕಾಲು ಮುರಿದಿದ್ದಾ?"

"ಹೂಂ ಅಮ್ಮ. ಈಗ ಹೋಗ್ಬೇಕು. ಆದರೆ ಅಪ್ಪ..."

"ಸ್ಮಶಾನದ ದಾರಿ ಕೋರ್ಟಿನ ಮುಂದೇನೇ ಅಲ್ವಾ?"

"ಕೋರ್ಟಿನ ಮುಂದೆ ಅಪ್ಪನ್ನ ನಿಲ್ಲಿಸ್ಕೊಂಡು..."

"ಕೋರ್ಟಿನ ಹೊರಗೆ ಕಾಯೋದು ಅವರಿಗೇನು ಹೊಸದಾ? ಅರ್ಧ ಆಯುಸ್ಸು ಅಲ್ಲೇ ಕಳೆದ್ರು." ಅಮ್ಮ ಸೊಂಟ ಹಿಡಿದುಕೊಂಡು ಎದ್ದರು. "ಎತ್ತಿ."

ಮೊದಲು ಬಂದವನು ಪೇಂಟರ್. ಮೀಸೆ ತಲೆಯ ಕಡೆ ಹಿಡಿದ. ಇನ್‌ಸ್ಪೆಕ್ಟರ್ ಜಗಲಿಯಲ್ಲಿ ಗೋಡೆಯ ಕಡೆಗೇ ತಿರುಗಿ ಇನ್ನೂ ಫೋನಿನಲ್ಲಿದ್ದರು. "ಅತ್ತಿಗೆ, ಮಂತ್ರಿಗಳು ಬಂದ್ರೆ ನಾನು ಏನಂತ ಹೇಳ್ಲಿ?" ಎಂದು ಚಿಕ್ಕಪ್ಪ ಹಿಂದೆ ಹಿಂದೆ ಬಂದರು.

"ಹೊರಟಿದಾರೆ ಅಂತ ಹೇಳು," ಮೀಸೆ ಅಂದ.

*

ಠಾಣೆಯ ಅಂಗಳದಲ್ಲಿ ವ್ಯಾನು ನಿಂತಾಗ ಸೆಂಟ್ರಿ ಬಂದೂಕು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತ. ಮಗಳು ಸೀದಾ ಒಳಗೆ ಹೋಗಿ, ಅರ್ಜಿ ಎತ್ತಿಕೊಂಡು, ಫ್ಯಾನ್ ಆರಿಸಿದಳು. ಮಲಗಿದ್ದವನು ಎದ್ದು ಕೂತ.

"ನಡೀರಿ. ಕೋರ್ಟಿಗೆ."

"ಬೇಡ ಅಂತ ಮಾತಾಗಿದೆಯಲ್ಲ?"

"ನನ್ನ ಹತ್ರ ಆಗಿಲ್ಲ."

ಮಹಿಳಾ ಪೇದೆ ಒಂದು ಕಡೆ, ಇನ್ನೊಬ್ಬ ಪೇದೆ ಒಂದು ಕಡೆ ನಿಂತರು. ಅವರ ಮುಖದಲ್ಲಿ ಧೈರ್ಯವೇನೂ ಕಾಣುತ್ತಿರಲಿಲ್ಲ. ಹಾಗಂತ ಹಿಂದೆಯೂ ಸರಿಯಲಿಲ್ಲ. ವಕೀಲರು "ಜೀಪೇ ಇಲ್ವಲ್ಲ ಮೇಡಂ, ಹೇಗೆ ಕರ್ಕೊಂಡು ಹೋಗ್ತೀರಿ?" ಎನ್ನುತ್ತಾ ಹೊರಗೆ ಬಂದವರು, ವ್ಯಾನಿನ ತೆರೆದ ಬಾಗಿಲು ನೋಡಿ ನಿಂತುಬಿಟ್ಟರು.

ಬಾಮೈದನೂ ನಿಂತ. "ಹೆಣದ ಗಾಡೀಲಿ ನಾನು ಹತ್ತಲ್ಲ."

ಒಳಗಿನ ತಗಡಿನ ಬೆಂಚಿನಲ್ಲಿ ಕೂತಿದ್ದ ಅಮ್ಮ ಸೆರಗು ಎಳೆದುಕೊಂಡು ಒತ್ತಾಗಿ ಸರಿದರು. "ಹತ್ತಪ್ಪ, ಜಾಗ ಇದೆ. ಇವರು ಯಾರಿಗೂ ಏನೂ ಮಾಡಲ್ಲ. ಬದುಕಿದ್ದಾಗಲೂ ಮಾಡಿದೋರಲ್ಲ."

ಪೇದೆ ಮೊಣಕೈ ಹಿಡಿದ. ಅವನು ಹತ್ತಿದ.

ವ್ಯಾನು ಮುಖ್ಯ ರಸ್ತೆಗೆ ತಿರುಗಿತು. ಸಂತೆ ಮುಗಿಸಿದ ಗಾಡಿಗಳು, ಶಾಲೆ ಬಿಟ್ಟ ಮಕ್ಕಳು, ಎಲ್ಲರೂ ಹೆಣದ ಗಾಡಿಗೆ ದಾರಿ ಬಿಟ್ಟರು. ಮಗಳು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿ, ಫೋನನ್ನು ಅಪ್ಪನ ಕಾಲಿನಾಚೆ ಸ್ಟ್ರೆಚರಿನ ತಗಡಿನ ಮೇಲೆ ಇಟ್ಟಳು. ಇಟ್ಟ ಕೂಡಲೇ ಅದು ನಡುಗತೊಡಗಿತು. ಪರದೆಯ ಮೇಲೆ ಇನ್‌ಸ್ಪೆಕ್ಟರರ ಹೆಸರು ಹೋಗಿ, ಹೆಸರಿಲ್ಲದ ಒಂದು ನಂಬರು ಬಂತು, ಆಮೇಲೆ ಇನ್ನೊಂದು. ತಗಡು ಗರಗರ ಎಂದಿತು. ಒಂದೊಂದು ಕರೆಗೂ ಫೋನು ತಾನಾಗಿ ಒಂದಿಷ್ಟು ಸರಿಯುತ್ತಾ ಬಂದು, ಬಿಳಿ ಬಟ್ಟೆಯೊಳಗಿನ ಎರಡು ಅಂಗಾಲುಗಳಿಗೆ ತಾಗಿ ನಿಂತು, ಅಲ್ಲೇ ಒತ್ತಿಕೊಂಡು ನಡುಗಿತು.

ಬಾಮೈದ ಅದನ್ನೇ ನೋಡುತ್ತಿದ್ದ. ಭಾವನ ಆ ನಂಬರು ಅವನಿಗೆ ಬಾಯಿಪಾಠ. ಕೈ ಚಾಚಿದರೆ ಸಿಗುವಷ್ಟು ದೂರ. ಆದರೆ ತೆಗೆದುಕೊಳ್ಳಬೇಕಾದರೆ ಹೆಣದ ಪಾದ ಮುಟ್ಟಬೇಕಿತ್ತು. ಅವನು ಕೈ ಅರ್ಧ ಚಾಚಿ, ಹಿಂದಕ್ಕೆಳೆದು, ತೊಡೆಗಳ ನಡುವೆ ಇರಿಸಿಕೊಂಡ. ವ್ಯಾನು ಕೋರ್ಟಿನ ಗೇಟಿನೊಳಗೆ ತಿರುಗಿತು.