ನಲವತ್ತಕ್ಕೆ ನಲವತ್ತು

ವಿಡಿಯೊ ಒಂದು ನಿಮಿಷ ಹನ್ನೆರಡು ಸೆಕೆಂಡಿನದು. ಪಾಲಾಕ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತೆಂಗಿನಕಾಯಿ ಅಲ್ಲಾಡಿಸಿ ‘ಒಣಗೈತೆ’ ಎನ್ನುತ್ತಾರೆ. ಮುಂದಿನ ದೃಶ್ಯದಲ್ಲಿ ಅದೇ ಕಾಯಿ ಒಡೆದು ನೀರು ಚೆಲ್ಲುತ್ತದೆ. ವಿಚಾರ ಸಂಕಿರಣದಲ್ಲಿ ಪರದೆಯ ಮೇಲೆ ಇದನ್ನು ನೋಡುತ್ತಿರುವ ಸಭೆ ನಗುತ್ತದೆ. ಮೈಕ್ ಮಾನಸಾಳ ಕೈಯಲ್ಲಿತ್ತು. ಅವಳ ನಗುವೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ.

ಮಾನಸಾ ಹಾಸನದ ಕಾಲೇಜೊಂದರಲ್ಲಿ ಸಂಶೋಧಕಿ. ಕಣ್ಣು, ಕಿವಿ, ಕೈ ಬೇರೆ ಬೇರೆಯಾಗಿ ತಂದದ್ದನ್ನು ಮಿದುಳು ಹೇಗೆ ಒಂದಾಗಿಸುತ್ತದೆ ಎಂಬುದು ಅವಳ ವಿಷಯ. ಐವತ್ತೆಂಟರ ಪಾಲಾಕ್ಷ ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಕಾಯಿ ನೋಡುವವರು. ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟ ಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಿದೆಯೇ ಎಂದು ಅಲ್ಲಾಡಿಸಿ ಹೇಳುತ್ತಾರೆ. ಅವಸರಪಟ್ಟು ಒಡೆದರೆ ಆ ಕಾಯಿ ಉಂಡೆಯಾಗುವುದಿಲ್ಲ. ಆದ್ದರಿಂದ ಅವರ ಮಾತಿಲ್ಲದೆ ಯಾರೂ ಅಟ್ಟದ ಕಾಯಿ ಇಳಿಸುತ್ತಿರಲಿಲ್ಲ.

ಪ್ರಯೋಗದಲ್ಲಿ ಅವರು ಮೊದಲು ಬರಿಗಿವಿಯಲ್ಲಿ ನಲವತ್ತು ಕಾಯಿ ನೋಡಿದರು. ನಲವತ್ತೂ ಸರಿ. ಆಮೇಲೆ ಮಾನಸಾ ನೀರಿದ್ದ ಇಪ್ಪತ್ತು ಕಾಯಿ ಕೊಟ್ಟು, ಕೈಯ ಚಲನೆಗೆ ಸರಿಯಾಗಿ ಒಣಕೊಬ್ಬರಿಯ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದಳು. ಹದಿನೇಳು ತಪ್ಪು. ಕಾಯಿಗಳನ್ನು ಒಡೆದದ್ದು ಅವರು ಹೊರಟ ಮೇಲೆ. ವಿಡಿಯೊದಲ್ಲಿ ನಲವತ್ತರ ಸುದ್ದಿ ಇರಲಿಲ್ಲ.

ಯಾರೋ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರು. ಐದು ವಾರದಿಂದ ಪಾಲಾಕ್ಷರನ್ನು ಒಬ್ಬರೂ ಕರೆದಿಲ್ಲ. ಅವರ ಹಳೆಯ ಗಿರಾಕಿ ಗಂಗಾಧರಯ್ಯನವರಿಗೆ ಮಾನಸಾ ಫೋನ್ ಮಾಡಿ, ಇನ್ನೊಮ್ಮೆ ಕರೆಸಿ, ನಾನೂ ಬರುತ್ತೇನೆ ಎಂದು ಕೇಳಿಕೊಂಡಳು. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಅವಳೂ ಪಾಲಾಕ್ಷರೂ ಗಂಗಾಧರಯ್ಯನವರ ಮನೆಯತ್ತ ನಡೆದರು.

“ಪಾಲಾಕ್ಷಣ್ಣ, ಅದು ನಿಮ್ಮ ತಪ್ಪಲ್ಲ. ಕಿವಿಗೆ ಕೇಳಿದ್ದನ್ನ ಕೈಯೂ ನಂಬಿಬಿಡುತ್ತೆ. ಎಲ್ಲರಿಗೂ ಹಾಗೇ.”

“ನನ್ ಕೈ ನಂಬ್ನಿಲ್ಲ ಕಣವ್ವ. ನೀರು ತುಳುಕ್ತಿದ್ದದ್ದು ಗೊತ್ತಾಯ್ತಿತ್ತು.”

ಮಾನಸಾ ನಿಂತಳು. “ಮತ್ತೆ ಒಣಗಿದೆ ಅಂದಿದ್ದು?”

“ನೀವು ಓದ್ದೋರು. ಆಸನದ ಕಾಲೇಜಿಂದ ಮಿಷನ್ ತಂದು ಕಿವಿಗೆ ಕಟ್ಟಿದ್ರಿ. ಅದು ಸುಳ್ಳಾಡ್ತೈತೆ ಅಂತ ನಾನೆಂಗನ್ಲಿ? ವಯಸ್ಸಾಯ್ತು, ಕೈಯೇ ಸೋತಿರ್ಬೇಕು ಅಂದ್ಕಂಡೆ.”

ಅವಳ ಫಾರಂನಲ್ಲಿ ಇದ್ದದ್ದು ಎರಡೇ ಚೌಕ: ಒಣ, ಹಸಿ. ಕೈ ಏನನ್ನುತ್ತದೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವಳು ಬರೆದು ಕಳಿಸಿದ ಪ್ರಬಂಧದ ಮುಖ್ಯ ವಾಕ್ಯ, ಕೈಯ ಅರಿವು ಸದ್ದಿಗೆ ಸೋಲುತ್ತದೆ ಎಂದು. ಅಲ್ಲಿ ಸದ್ದು ಗೆದ್ದಿರಲಿಲ್ಲ. ಪಾಲಾಕ್ಷ ಅವಳಿಗೆ ಮರ್ಯಾದೆ ಕೊಟ್ಟಿದ್ದರು, ಅಷ್ಟೆ.

ಎಪ್ಪತ್ತು ದಾಟಿದ ಗಂಗಾಧರಯ್ಯ ಜಗಲಿಯಲ್ಲಿ ಕೂತಿದ್ದರು. “ಬನ್ನಿ ಮೇಡಮ್ಮೋರೆ. ಏನ್ಲಾ ಪಾಲಾಕ್ಷ, ಇವತ್ತು ಕಿವಿಗೇನೂ ಸಿಕ್ಕಿಸ್ಕಂಡಿಲ್ವಾ?”

ಅಂಗಳದಲ್ಲಿದ್ದ ಆಳುಗಳು ನಕ್ಕರು. ಪಾಲಾಕ್ಷರೂ ನಕ್ಕರು.

“ಸುಳ್ಳು ಸದ್ದು ಹಾಕಿದ್ದು ನಾನು,” ಮಾನಸಾ ಎಲ್ಲರಿಗೂ ಕೇಳುವಂತೆ ಹೇಳಿದಳು. “ಅದಿಲ್ದೆ ನೋಡಿದಾಗ ನಲವತ್ತು ಕಾಯನ್ನೂ ಇವರು ಸರಿಯಾಗೇ ಹೇಳಿದ್ರು. ವಿಡಿಯೊದಲ್ಲಿ ಅದನ್ನ ಹಾಕಲಿಲ್ಲ.”

“ಯಾಕಾಕ್ನಿಲ್ಲ?” ಗಂಗಾಧರಯ್ಯ ಕೇಳಿದರು.

“ಟೈಮ್ ಕಮ್ಮಿ ಕೊಟ್ಟಿದ್ರು.” ಅದು ನಿಜವೇ ಆಗಿತ್ತು, ಕಾರಣ ಮಾತ್ರ ಅದಲ್ಲ. “ಅದಲ್ಲ. ಅದನ್ನ ಹಾಕಿದ್ರೆ ಯಾರೂ ನಗ್ತಿರಲಿಲ್ಲ.”

“ಅಂಗಾರೆ ಅದ್ರಾಗೆ ನಗಾಡೋದು ನೀವೇಯಾ?”

“ನಾನೇ.”

ಗಂಗಾಧರಯ್ಯ ಅಟ್ಟದತ್ತ ಕೈ ತೋರಿಸಿದರು. ಆಳೊಬ್ಬ ಹತ್ತಿ ನಾಲ್ಕಾರು ಕಾಯಿ ತಂದ. ಪಾಲಾಕ್ಷ ಒಂದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು.

“ಅಸಿ ಐತೆ. ಇನ್ನೂ ಇಪ್ಪತ್ತು ದಿನ ಬುಡಿ ಅಣ್ಣ.”

ಹಿಂದೆಲ್ಲ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಗಂಗಾಧರಯ್ಯ ಮಚ್ಚು ತರಿಸಿ ಕಾಯಿಯನ್ನು ಕಡಿದರು. ನೀರು ಅವರ ಕಾಲ ಮೇಲೆ ಚೆಲ್ಲಿತು.

“ಸರಿಯಾಗೇ ಏಳವ್ನೆ,” ಎಂದರು, ಪಾಲಾಕ್ಷರಿಗಲ್ಲ, ಮಾನಸಾಳಿಗೆ.

ಪಾಲಾಕ್ಷ ಇನ್ನೊಂದು ಕಾಯಿ ತೆಗೆದುಕೊಂಡು ಅಲ್ಲಾಡಿಸಿದರು. “ಇದೂ ಅಸಿ” ಎಂದು, ಯಾರೂ ಕೇಳುವ ಮೊದಲೇ ಅದನ್ನು ಮಚ್ಚಿನತ್ತ ಚಾಚಿದರು.